ಸುಡದ ಹೊಲದ ನೊಣಗಳು

ಜೂನ್ ೨

ಅಕ್ಕ ನಿಲ್ಸಿಯ ಮದುವೆ ಮುಗಿಸಿ, ಕಡಲ ತೀರದ ಸಾಂತೋಸ್ ಊರಿನಿಂದ ವಾಪಸು ಬಂದು ವಾರವಾಯಿತು. ಐವತ್ತೆಂಟನೇ ವಯಸ್ಸಿಗೆ ಮದುಮಗಳು! ಬಿಳಿ ಉಡುಪು ಬೇಡ ಕಣೇ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ತೊಟ್ಟು ನಿಂತಾಗ ಚೆನ್ನಾಗಿಯೇ ಕಂಡಳು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದವರು ನಾವಿಬ್ಬರು. ಮೂರು ವರ್ಷದ ಹಿಂದೆ ಈ ಎಥನಾಲ್ ಕಾರ್ಖಾನೆಯ ಕೆಲಸಕ್ಕೆಂದು ಇಷ್ಟು ದೂರ ಬಂದ ಮೇಲೂ ರಜೆ ಸಿಕ್ಕಾಗೆಲ್ಲ ಬಸ್ಸು ಹತ್ತುತ್ತಿದ್ದೆ. ಅಲ್ಲಿ ನನ್ನ ಕೋಣೆ ನನ್ನದಾಗಿಯೇ ಇತ್ತು. ಈಗ ಅದರ ತುಂಬ ಭಾವನ ಗಾಳದ ಕೋಲುಗಳು.

"ಯಾವಾಗ ಬೇಕಾದ್ರೂ ಬಾರೇ ಇವೋನಿ. ಸೋಫಾ ಬಿಡಿಸಿದ್ರೆ ಹಾಸಿಗೆ ಆಗುತ್ತೆ" ಅಂದಳು ಅಕ್ಕ.

ಅದಕ್ಕೇ ಈ ಬರವಣಿಗೆ. ಯಾರ ಜೊತೆಗಾದರೂ ಮಾತಾಡಬೇಕಲ್ಲ.

ಇವತ್ತು ಭಾನುವಾರ. ಕಾರ್ಖಾನೆಯ ವಸತಿ ಸಾಲಿನಲ್ಲಿ ಎಲ್ಲರ ಹಿತ್ತಿಲಲ್ಲೂ ಮಾಂಸ ಸುಡುವ ವಾಸನೆ. ನನ್ನನ್ನು ಯಾರೂ ಕರೆಯುವುದಿಲ್ಲ. ಪರಿಸರ ವಿಭಾಗದವಳು, ಇದ್ದಿಲಿನ ಹೊಗೆಗೂ ಲೆಕ್ಕ ಕೇಳುತ್ತಾಳೆ ಎಂದು ತಮಾಷೆ ಮಾಡಿಕೊಳ್ಳುತ್ತಾರಂತೆ.

ಮಾಡಿಕೊಳ್ಳಲಿ. ನಾನು ಬಂದ ವರ್ಷ ಕಬ್ಬು ಕಡಿಯುವ ಮೊದಲು ಹೊಲಕ್ಕೆ ಬೆಂಕಿ ಇಡುತ್ತಿದ್ದರು. ಊರ ಮೇಲೆಲ್ಲ ಕರಿ ಬೂದಿ. ಆಸ್ಪತ್ರೆಯ ಪಡಸಾಲೆಯಲ್ಲಿ ಮಕ್ಕಳು ಮೂಗಿಗೆ ಆವಿಯ ಕೊಳವೆ ಹಿಡಿದು ಸಾಲಾಗಿ ಕೂತಿರುತ್ತಿದ್ದವು. ಅದನ್ನು ನಿಲ್ಲಿಸಿದವರು ನಾವು. ಈಗ ಯಂತ್ರ ಕಬ್ಬು ಕಡಿಯುತ್ತದೆ, ಸೋಗೆಯೆಲ್ಲ ಹೊಲದ ಮೇಲೆಯೇ ದಪ್ಪ ಹಾಸಿನಂತೆ ಉಳಿಯುತ್ತದೆ. ಮಣ್ಣಿಗೂ ತಂಪು. ತೊರೆಯ ದಂಡೆಯಲ್ಲಿ ನಾವು ನೆಟ್ಟ ಕಾಡು ನನ್ನ ತಲೆ ಮೀರಿ ಬೆಳೆದಿದೆ. ನಮ್ಮ ಇಂಧನ ಸ್ವಚ್ಛವಾದದ್ದು ಎಂದು ವರದಿಯಲ್ಲಿ ಬರೆಯುವಾಗ ನನ್ನ ಕೈ ಅಳುಕುವುದಿಲ್ಲ.

ಜೂನ್ ೧೯

ಇವತ್ತು ರಸ್ತೆಯಲ್ಲೇ ಜಗಳ. ನಮ್ಮ ಕಾರ್ಖಾನೆಯ ಚಾಲಕ ಜೋಸುಯೆಲ್ ಟ್ಯಾಂಕರಿನಲ್ಲಿ ಕಂದು ನೀರು ಬಿಡುತ್ತಿದ್ದ. ಮದ್ಯಸಾರ ಬಟ್ಟಿ ಇಳಿಸಿದ ಮೇಲೆ ಉಳಿಯುವ ನಾತದ ನೀರು ಅದು. ಮೊದಲೆಲ್ಲ ಹೊಳೆಗೆ ಬಿಟ್ಟು ಮೀನು ಸಾಯಿಸುತ್ತಿದ್ದರು, ಈಗ ಕಡಿದ ಹೊಲಕ್ಕೇ ಗೊಬ್ಬರವಾಗಿ ಹಾಯಿಸುತ್ತೇವೆ. ಬೇಲಿಯಾಚೆಯಿಂದ ಒಬ್ಬ ಹೆಂಗಸು ಅವನ ಮೇಲೆ ಕೂಗಾಡುತ್ತಿದ್ದಳು. ಅರವತ್ತು ದಾಟಿದ ಒಣಕಲು ಮೈ, ಗಂಡಸರ ಬೂಟು. ಹೆಸರು ಝುಲ್ಮೀರಾ. ಹಸು ಸಾಕಿ ಚೀಸ್ ಮಾಡಿ ಮಾರುವವಳು, ಒಬ್ಬಳೇ ಇರುವವಳು.

ನನ್ನ ಜೀಪು ಕಂಡದ್ದೇ ತಡ, "ಬಂದ್ರಾ ಹಸಿರು ಮೇಡಂ! ಬನ್ನಿ, ಆ ಬೂಟು ಕಳಚಿ ನನ್ನ ಕೊಟ್ಟಿಗೇಲಿ ನಿಂತ್ಕೊಳ್ಳಿ. ನಿಮ್ಮ ಕಾಲು ನೋಡ್ಕೊಂಡು ಆಮೇಲೆ ಮಾತಾಡೋಣ!" ಅಂದಳು.

ಜೋಸುಯೆಲ್ ಕಿಟಕಿಯಿಂದ ತಲೆ ಹಾಕಿ, "ಹೋಗ್ಬೇಡಿ ಮೇಡಂ, ಈ ಅಮ್ಮನ ಬಾಯೇ ನೊಣಕ್ಕಿಂತ ಜೋರಾಗಿ ಕಚ್ಚುತ್ತೆ" ಎಂದು ನಕ್ಕ.

"ನೀನು ಮುಚ್ಚೋ, ನಾತದ ನೀರಿನವ್ನೆ!"

ಹೋದೆ. ದನಗಳೆಲ್ಲ ತಲೆ ಒಳಗೆ ಮಾಡಿ ಒಂದೇ ಗುಂಪಾಗಿ ಒತ್ತಿಕೊಂಡು ನಿಂತಿದ್ದವು. ಕಾಲು ನೆಲಕ್ಕೆ ಬಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಂದೊಂದರ ಕಾಲಿಗೂ ಕಪ್ಪು ಚೀಲ ತೊಡಿಸಿದಂತೆ ನೊಣ. ರಕ್ತ ಹೀರುವ ಜಾತಿಯವು. ನನ್ನ ಕಾಲುಚೀಲದ ಮೇಲಿಂದಲೇ ಸೂಜಿ ಚುಚ್ಚಿದಂತಾಯಿತು.

"ನೊಣ ಹುಟ್ಟೋದು ಸೆಗಣಿ ಗುಂಡೀಲಿ. ನಿಮ್ಮ ಗುಂಡಿಗೆ ಮುಚ್ಚಳ ಹಾಕಿಸಿ" ಎಂದು ಹೇಳಿ ಬಂದೆ. ಇಂಥ ದೂರಿಗೆ ನಾವು ಕೊಡುವ ಉತ್ತರ ಅದೇ. ಅವಳು ಬೆನ್ನು ತಿರುಗಿಸಿ ಹಸುವಿನ ಕಾಲಿನ ನೊಣ ಒರೆಸತೊಡಗಿದಳು. ಅದು ಅವಳ ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಜುಲೈ ೭

ಅಕ್ಕ ಫೋನು ಮಾಡಿದ್ದಳು. ಭಾವನಿಗೆ ಊಟ ಬಡಿಸಬೇಕೆಂದು ಬೇಗ ಇಟ್ಟಳು.

ಮಾಡಲು ಕೆಲಸವಿಲ್ಲದೆ ಝುಲ್ಮೀರಾಳ ಬೇಲಿಯ ಪಕ್ಕದ ನಮ್ಮ ಹೊಲಕ್ಕೆ ನಡೆದುಹೋದೆ. ಒದ್ದೆ ಸೋಗೆಯನ್ನು ಕೈಯಿಂದ ಎತ್ತಿದೆ. ಕೆಳಗೆ ಬೆಚ್ಚಗಿತ್ತು, ಹುಳಿ ನಾತ. ನೊಣದ ಬಿಳಿ ಮರಿಹುಳಗಳು ಅಕ್ಕಿ ಚೆಲ್ಲಿದಂತೆ ಮಿಸುಕಾಡುತ್ತಿದ್ದವು. ಇನ್ನೊಂದು ಕಡೆ ಎತ್ತಿದೆ, ಅಲ್ಲೂ. ಬಿಸಿಲಿಳಿಯುವವರೆಗೆ ಎತ್ತುತ್ತಲೇ ಹೋದೆ, ಎಲ್ಲಾದರೂ ಇರದ ಜಾಗ ಸಿಕ್ಕೀತೆಂದು.

ಸುಡುವುದನ್ನು ನಿಲ್ಲಿಸಿ ಸೋಗೆ ಉಳಿಸಿದೆವು. ಹೊಳೆ ಉಳಿಸಲು ಕಂದು ನೀರನ್ನು ಅದರ ಮೇಲೆ ಹುಯ್ದೆವು. ಎರಡೂ ಒಳ್ಳೆಯ ಕೆಲಸಗಳೇ. ಎರಡೂ ಸೇರಿ ಹುಟ್ಟಿದ್ದು ಇದು.

ಜುಲೈ ೯

ಎಯ್ತೋರ್‌ಗೆ ಹೇಳಿದೆ. ಕಾರ್ಖಾನೆಯ ನಿರ್ದೇಶಕ, ಕೆಟ್ಟ ಮನುಷ್ಯನೇನಲ್ಲ. ಕೇಳಿಸಿಕೊಂಡು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ.

"ಸುಡಬೇಡಿ ಅಂದ್ರಿ, ಬಿಟ್ವಿ. ಹೊಳೆಗೆ ಹಾಕಬೇಡಿ ಅಂದ್ರಿ, ಬಿಟ್ವಿ. ಈಗ ಹೊಲಕ್ಕೂ ಬೇಡ ಅಂತೀರಾ? ಅಷ್ಟು ನೀರನ್ನ ನಾನು ಕುಡೀಲಾ ಇವೋನಿ?"

"ಸೋಗೇನಾದ್ರೂ ಸಾಲಿನಿಂದ ಪಕ್ಕಕ್ಕೆ ಎಳೆಸಬಹುದಲ್ಲ. ನೆಲ ಒಣಗಿದ್ರೆ ಹುಳ ಸಾಯ್ತವೆ."

"ಅದಕ್ಕೆ ಯಂತ್ರ ಬೇಕು, ಡೀಸೆಲ್ ಬೇಕು. ಅದಾಗೋವರೆಗೆ ಕಂದು ನೀರು ನಿಲ್ಲಿಸ್ಬೇಕು. ಅದು ನಿಂತ್ರೆ ಕಬ್ಬು ನುರಿಸೋದೂ ನಿಲ್ಲುತ್ತೆ. ಅಕ್ಟೋಬರ್‌ನಲ್ಲಿ ಸ್ವಚ್ಛ ಇಂಧನದ ಪ್ರಮಾಣಪತ್ರ ಕೊಡೋ ಯುರೋಪಿನವರು ಬಂದು ಹೋಗ್ಲಿ. ಆಮೇಲೆ ನೋಡೋಣ."

ಅಲ್ಲಿವರೆಗೆ ಅಂಟು ಬಟ್ಟೆಯ ಬಲೆ ಕೊಡಿಸುತ್ತೇನೆಂದ. ನೊಣ ಬಂದು ಅಂಟಿಕೊಳ್ಳುವ ಬಟ್ಟೆ. ಹೂಂ ಅಂದು ಬಂದೆ.

ಜುಲೈ ೨೧

ಬಲೆ ಕಟ್ಟಲು ಝುಲ್ಮೀರಾಳ ಮನೆಗೆ ಹೋದೆ. ಹುಳ ನಮ್ಮ ಹೊಲದಲ್ಲೇ ಇವೆ ಎಂದು ಹೇಳಿದೆ. ಹೇಳಬಾರದಿತ್ತೇನೋ. ಅವಳು ಹಾಲು ಕರೆಯುವ ಕೈ ನಿಲ್ಲಿಸಲಿಲ್ಲ.

"ಹಿಂದೆ ನಿಮ್ಮವರು ಸುಡ್ತಿದ್ದಾಗ ಒಗೆದ ಬಟ್ಟೆ ಕಪ್ಪಾಗ್ತಿತ್ತು. ಈಗ ಹಸುಗಳೇ ಕಪ್ಪಾಗ್ತಿವೆ. ಬಟ್ಟೆನಾದ್ರೂ ಇನ್ನೊಂದ್ಸಲ ಒಗೀಬಹುದಿತ್ತು" ಅಂದಳು. ಆಮೇಲೆ, "ಕೂತ್ಕೊಳ್ಳಿ" ಅಂದಳು.

ಕೊಂಬಿನ ಲೋಟದಲ್ಲಿ ಮಾತೆ ಎಂಬ ಕಹಿ ಸೊಪ್ಪಿನ ಪುಡಿಗೆ ತಣ್ಣೀರು ಹುಯ್ದು, ತಾನು ಕೊಳವೆಯಿಂದ ಒಮ್ಮೆ ಹೀರಿ ನನ್ನ ಕಡೆ ಚಾಚಿದಳು. ಅದೇ ಕೊಳವೆ. ಈ ಊರಲ್ಲಿ ಎಲ್ಲರೂ ಹೀಗೇ ಕುಡಿಯುತ್ತಾರೆ, ನಾನು ಈವರೆಗೆ ಹೇಗೋ ತಪ್ಪಿಸಿಕೊಂಡಿದ್ದೆ. ಹೊಟ್ಟೆ ಸರಿಯಿಲ್ಲ ಅಂದೆ. "ಹೌದಾ" ಎಂದು ತಾನೇ ಕುಡಿದಳು. ನಂಬಲಿಲ್ಲ ಅನ್ನಿಸುತ್ತದೆ.

ಆಗಸ್ಟ್ ೪

ಬಲೆ ಬದಲಿಸಿ ಬಂದೆ. ಬಟ್ಟೆ ಕಾಣದಷ್ಟು ನೊಣ ಅಂಟಿದೆ. ಹಸುಗಳಿಗೆ ಏನೇನೂ ವ್ಯತ್ಯಾಸವಿಲ್ಲ.

ಆಗಸ್ಟ್ ೧೮

ಹಾಲು ಅರ್ಧಕ್ಕಿಳಿದಿದೆ. ಹಸುಗಳು ಹಗಲೆಲ್ಲ ಕೆರೆಯಲ್ಲಿ ಕುತ್ತಿಗೆವರೆಗೆ ನಿಂತಿರುತ್ತವೆ, ಮೇಯಲು ದಡಕ್ಕೆ ಬರುವುದಿಲ್ಲ. ನಾವಿಬ್ಬರೂ ಹುಲ್ಲು ಹೊತ್ತುಕೊಂಡು ನೀರಿನಂಚಿಗೆ ಹಾಕಿದೆವು. ಭರಾಂಡಿ ಎಂಬ ಕೆಂದು ಹಸು ನನ್ನ ಕೈಯಿಂದಲೇ ತಿಂದಿತು. ಅದರ ಕಣ್ಣಂಚಿನ ನೊಣ ಓಡಿಸುವಾಗ ಝುಲ್ಮೀರಾ, "ಅದು ಯಾರ ಹತ್ರಾನೂ ಹೋಗಲ್ಲ ಮಾರಾಯ್ತಿ, ನಿನ್ನಲ್ಲಿ ಏನು ಕಂಡಿತೋ" ಅಂದಳು. ಸೀಬೆಹಣ್ಣಿನ ಗಟ್ಟಿ ಹಲ್ವದ ಮೇಲೆ ಹಸಿ ಚೀಸ್ ಇಟ್ಟು ಕೊಟ್ಟಳು. ಮಾತೆಯನ್ನು ಇಬ್ಬರೂ ಎಷ್ಟು ಲೋಟ ಕುಡಿದೆವೋ.

ಮನೆಗೆ ಬಂದು ನೋಡಿದರೆ ಅಕ್ಕ ಮೂರು ಸಲ ಫೋನು ಮಾಡಿದ್ದಾಳೆ. ನಾಳೆ ಮಾಡಿದರಾಯಿತು.

ಸೆಪ್ಟೆಂಬರ್ ೮

ಮಳೆಯಿಲ್ಲ, ಸೋಗೆಯ ಮೇಲ್ಪದರ ಗರಿಗರಿ ಒಣಗಿದೆ. ಕೆಂಪು ಧೂಳು ಬಾಗಿಲ ಸಂದಿಯಿಂದ ಒಳಗೆ ಬರುತ್ತದೆ.

ಭರಾಂಡಿಯ ಕರು ಸತ್ತಿತು. ನೊಣ ಮುತ್ತಿದಾಗ ದನಗಳು ಒಂದರ ಮೇಲೊಂದು ಒತ್ತಿಕೊಂಡು ಸುತ್ತಿವೆ, ನಡುವೆ ಸಿಕ್ಕ ಕರುವನ್ನು ತುಳಿದಿವೆ. ತಾಯಿಯೂ ತುಳಿದಿರಬೇಕು. ನಾನು ಹೋದಾಗ ಝುಲ್ಮೀರಾ ಗುಂಡಿ ತೋಡುತ್ತಿದ್ದಳು. ಗುದ್ದಲಿ ಕೇಳಿದೆ, ಕೊಡಲಿಲ್ಲ.

"ಒಂದು ಕಡ್ಡಿ ಗೀರಿದ್ರೆ ಸಾಕು. ಹುಳ, ಸೋಗೆ, ಎಲ್ಲಾ ಒಂದೇ ಸಲಕ್ಕೆ" ಅಂದಳು, ನನ್ನ ಕಡೆ ನೋಡದೆ.

ದುಃಖದಲ್ಲಿ ಆಡುವ ಮಾತು. ಎಯ್ತೋರ್‌ಗೆ ಮತ್ತೆ ಹೇಳುತ್ತೇನೆ ಅಂದೆ. "ಹೇಳು" ಅಂದಳು.

ಸೆಪ್ಟೆಂಬರ್ ೯

ಹೇಳಿದೆ. ಅಕ್ಟೋಬರ್ ಆಗಲಿ ಎಂದ.

ಸೆಪ್ಟೆಂಬರ್ ೧೨

ಇದನ್ನು ಇವತ್ತೇ ಬರೆಯಬೇಕು.

ಮಧ್ಯಾಹ್ನ ಊಟದ ಹೊತ್ತಿಗೆ ಹೊಗೆ ಕಂಡಿತು. ನೋಡಿದ ಕೂಡಲೇ ಎಲ್ಲಿಯದೆಂದು ಗೊತ್ತಾಯಿತು. ಜೀಪು ಓಡಿಸಿಕೊಂಡು ಹೋದೆ, ಬೇರೆ ಯಾರಿಗಿಂತಲೂ ಮೊದಲು ತಲುಪಿದೆ. ಝುಲ್ಮೀರಾ ಬೇಲಿಯ ಹತ್ತಿರ ಒದ್ದೆ ಗೋಣಿಚೀಲ ಹಿಡಿದು ನಿಂತಿದ್ದಳು. ಹುಬ್ಬು ಸುಟ್ಟಿತ್ತು. ಬೆಂಕಿ ಅವಳಿಂದ ದೂರಕ್ಕೆ, ತೊರೆಯ ಕಡೆಗೆ ಓಡುತ್ತಿತ್ತು.

"ನಾನೇ" ಅಂದಳು. "ಬೇಲಿ ಪಕ್ಕದ ಒಂದು ಪಟ್ಟಿ ಸುಡೋಣ ಅಂತ. ಗಾಳಿ ತಿರುಗ್ತು, ಇವೋನಿ. ತಿರುಗ್ಬಿಡ್ತು."

ನಾವು ನೆಟ್ಟ ಕಾಡಿಗೆ ಬೆಂಕಿ ಹೊಕ್ಕಾಗ ಬಂದ ಸದ್ದನ್ನು ಹೇಗೆ ಬರೆಯಲಿ. ಇಂಗಾ, ಇಪೆ, ಎಲ್ಲವೂ ಎಳೆಯ ಹಸಿ ಮರಗಳು. ಹಸಿ ಮರ ಸುಮ್ಮನೆ ಸುಡುವುದಿಲ್ಲ, ಚೀರುತ್ತದೆ.

ಜೋಸುಯೆಲ್ ಟ್ಯಾಂಕರಿಗೆ ಒಳ್ಳೆಯ ನೀರು ತುಂಬಿಸಿಕೊಂಡು ಬಂದವನು ನೇರ ದಂಡೆಗೇ ನುಗ್ಗಿದ. ಹೊಗೆ ಮುಚ್ಚಿತು, ಗಾಡಿ ಕಾಣದಾಯಿತು. ಬೆಂಕಿ ಪಡೆಯವರು ಅವನನ್ನು ಎಳೆದು ತಂದಾಗ ಮುಖ ಬೂದಿಯ ಬಣ್ಣಕ್ಕಿತ್ತು, ಬಾಯಿ ಮೀನಿನಂತೆ ತೆರೆದು ಮುಚ್ಚುತ್ತಿತ್ತು. ಅವನನ್ನು ಆಂಬುಲೆನ್ಸಿಗೆ ಹತ್ತಿಸುವವರೆಗೂ ಝುಲ್ಮೀರಾ ನಿಂತಲ್ಲಿಂದ ಅಲುಗಲಿಲ್ಲ.

ಸೆಪ್ಟೆಂಬರ್ ೧೫

ಜೋಸುಯೆಲ್ ಉಳಿಯುತ್ತಾನೆ ಎಂದರು. ಶ್ವಾಸಕೋಶ ಪೂರ್ತಿ ಸರಿಹೋಗುವುದೋ ಇಲ್ಲವೋ ಹೇಳಲಾಗದಂತೆ. ಝುಲ್ಮೀರಾ ಚೀಸ್ ಕಟ್ಟಿಕೊಂಡು ಅವನ ಮನೆಗೆ ಹೋಗಿದ್ದಳು. ತಾನೇ ಹಚ್ಚಿದ್ದೆಂದು ಬಾಗಿಲಲ್ಲೇ ಹೇಳಿದಳಂತೆ. ಅವನ ಹೆಂಡತಿ ಬಾಗಿಲು ಹಾಕಿಕೊಂಡಳು. ಆದರೆ ಹೆಂಡತಿ ಅದನ್ನು ಬೇರೆ ಯಾರಿಗೂ ಹೇಳಿಲ್ಲ. ಹೇಳುವಷ್ಟು ತ್ರಾಣ ಇಲ್ಲವೇನೋ.

ಸೆಪ್ಟೆಂಬರ್ ೧೭

ಎಯ್ತೋರ್ ಕೋಣೆಗೆ ಕರೆದು ಬಾಗಿಲು ಹಾಕಿದ.

"ಬೆಂಕಿ ಬಿಸಿಲಿಗೆ ತಾನಾಗಿ ಹತ್ತಿದ್ದು. ತಪಾಸಣೆಯವರು ಕೇಳಿದ್ರೆ ಇಷ್ಟೇ."

"ಯಾರಾದ್ರೂ ಹಚ್ಚಿದ್ದಾದ್ರೆ?"

ಅವನು ಮೇಜಿನ ಮೇಲಿದ್ದ ಕಡತ ಮುಚ್ಚಿದ. "ಯಾರು ಅಂತ ನಂಗೆ ಅಂದಾಜಿದೆ. ನಿಮಗೆ ಅಂದಾಜಿಗಿಂತ ಜಾಸ್ತಿ ಇರ್ಬೇಕು. ಹೆಸರು ಹೇಳಿದ್ರೆ ಯಾಕೆ ಹಚ್ಚಿದ್ರು ಅಂತ ಮುಂದಿನ ಪ್ರಶ್ನೆ ಬರುತ್ತೆ. ಸುಮ್ನಿದ್ರೆ ಆಕೆಗೂ ಕ್ಷೇಮ, ನಮಗೂ ಕ್ಷೇಮ. ನಾನು ಆಕೆಗೆ ಉಪಕಾರಾನೇ ಮಾಡ್ತಿದೀನಿ, ಇವೋನಿ."

ಅದು ಸುಳ್ಳಲ್ಲ. ಅದೇ ಕಷ್ಟ. ಬಾಯಿ ಮುಚ್ಚಿಕೊಂಡರೆ ಎಲ್ಲರಿಗೂ ಒಳ್ಳೆಯದು, ಆಸ್ಪತ್ರೆಯಲ್ಲಿ ಮಲಗಿರುವವನೊಬ್ಬನನ್ನು ಬಿಟ್ಟು. ಹಸುಗಳನ್ನು ಬಿಟ್ಟು.

ಸೆಪ್ಟೆಂಬರ್ ೨೩

ಯಾರ ಹತ್ತಿರವೂ ಹೋಗಿಲ್ಲ. ಝುಲ್ಮೀರಾಳ ಹತ್ತಿರವೂ. ಕಚೇರಿಯಿಂದ ಬಂದು ಅಡುಗೆಮನೆಯಲ್ಲಿ ಕೂರುತ್ತೇನೆ. ಅನ್ನ ಮಾಡುತ್ತೇನೆ, ತಿನ್ನುವುದಿಲ್ಲ. ಅಕ್ಕನಿಗೆ ಹೇಳೋಣವೆಂದು ಫೋನು ಹಚ್ಚಿದೆ. ಆ ಕಡೆ ಟಿವಿ ಸದ್ದು, ಭಾವನ ನಗು. "ಹವೆ ಹೇಗಿದೆಯೇ ಅಲ್ಲಿ?" ಎಂದು ಕೇಳಿದಳು. ಸೆಖೆ ಅಂದೆ.

ಸೆಪ್ಟೆಂಬರ್ ೨೯

ಹೋದೆ. ಕಂದು ನೀರು ಮತ್ತೆ ಬಿಡುತ್ತಿದ್ದಾರೆ, ಈಗ ಬೇರೊಬ್ಬ ಚಾಲಕ. ಝುಲ್ಮೀರಾ ತೆಳ್ಳಗಾಗಿದ್ದಾಳೆ. ಎಯ್ತೋರ್ ಹೇಳಿದ್ದನ್ನೆಲ್ಲ ಹೇಳಿದೆ. ಕೇಳಿ, ಒರಟಾಗಿ ನಕ್ಕಳು.

"ಅವನ ಉಪಕಾರ ಅವನೇ ಇಟ್ಕೊಳ್ಳಲಿ. ಆ ಹುಡುಗನ ಮನೆ ಬಾಗಿಲು ನನ್ನ ಮುಖದ ಮೇಲೆ ಮುಚ್ಚಿದ್ದು ನಿಂಗೆ ಗೊತ್ತಲ್ಲ? ಬಿಸಿಲಿಗೆ ಹತ್ತಿದ್ದು ಅಂತ ಊರೆಲ್ಲ ಅಂದ್ಕೊಂಡ್ರೆ ಆ ಬಾಗಿಲು ತೆಗೆಯುತ್ತಾ?"

"ನಿಮ್ಮನ್ನ ಹಿಡ್ಕೊಂಡು ಹೋಗ್ತಾರೆ."

"ಹೋಗ್ಲಿ. ಆದ್ರೆ ಕೇಳು, ಹೇಳೋದಾದ್ರೆ ಎರಡೂ ಹೇಳು. ನಾನು ಹಚ್ಚಿದ್ದೂ ಹೇಳು, ಯಾಕೆ ಹಚ್ಚಿದೆ ಅನ್ನೋದೂ ಹೇಳು. ಒಂದನ್ನೇ ಹೇಳಿದ್ರೆ ನಿನ್ನ ಮುಖ ನೋಡಲ್ಲ. ಯಾವುದನ್ನ ಬಿಟ್ರೂ ನೋಡಲ್ಲ."

ಹಾಲಿನ ಕ್ಯಾನು ತೊಳೆದುಕೊಟ್ಟು ಬಂದೆ.

ಅಕ್ಟೋಬರ್ ೧೦

ತಪಾಸಣೆಗೆ ಬಂದ ಹೆಂಗಸು ಕೆಂಪು ಕೂದಲಿನವಳು, ಸೌಮ್ಯ ಮಾತು. ಎಯ್ತೋರ್ ಪಕ್ಕದಲ್ಲೇ ಇದ್ದ. ಸುಟ್ಟ ದಂಡೆ ನೋಡಿ, "ಬೆಂಕಿ ಹೇಗಾಯ್ತು?" ಎಂದು ಕೇಳಿದಳು. "ಬನ್ನಿ, ತೋರಿಸ್ತೀನಿ" ಅಂದೆ. ಹೊಲಕ್ಕೆ ಕರೆದುಕೊಂಡು ಹೋಗಿ, ಬೆಂಕಿ ತಗುಲದೆ ಉಳಿದ ಕಡೆ ಒದ್ದೆ ಸೋಗೆ ಎತ್ತಿದೆ. ಹುಳ ನೋಡಿ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಬೇಲಿಯಾಚೆ ಝುಲ್ಮೀರಾ ಕಾಯುತ್ತಿದ್ದಳು, ಒಗೆದ ಅಂಗಿ ತೊಟ್ಟು, ಚರ್ಚಿಗೆ ಹೊರಟವಳಂತೆ.

"ಹಚ್ಚಿದವಳು ನಾನು" ಅಂದಳು. ನಾನು ಉಳಿದದ್ದು ಹೇಳಿದೆ: ಜುಲೈಯಿಂದ ನನಗೆ ಗೊತ್ತಿದ್ದದ್ದು, ನಾನು ಹೇಳಿದ್ದು, ಅವರು ಕಾಯಿರಿ ಅಂದದ್ದು, ಹೂಂ ಅಂದು ನಾನು ಕಾದದ್ದು.

ಎಯ್ತೋರ್ ಸಿಟ್ಟಾಗಲಿಲ್ಲ. ವಾಪಸು ಬರುವಾಗ ಜೀಪಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತಿದ್ದ, ಅಷ್ಟೇ.

ಅಕ್ಟೋಬರ್ ೨೫

ಪ್ರಮಾಣಪತ್ರ ತಡೆಹಿಡಿದಿದ್ದಾರೆ. ಹುಲ್ಲುಗಾವಲಿನ ಸುತ್ತ ಅಗಲವಾದ ಪಟ್ಟಿಗೆ ಕಂದು ನೀರು ಬಿಡುವಂತಿಲ್ಲ, ಸೋಗೆ ಎಳೆಸಬೇಕು. ಅದಾಗುವವರೆಗೆ ಕಬ್ಬು ನುರಿಸುವುದು ನಿಧಾನ. ರಾತ್ರಿ ಪಾಳಿ ನಿಲ್ಲಿಸಿ ಒಂದಷ್ಟು ಜನರನ್ನು ಮನೆಗೆ ಕಳಿಸಿದ್ದಾರೆ. ಬೇಕರಿಯಲ್ಲಿ ನಾನು ಕಾಫಿಗೆ ನಿಂತರೆ ಪಕ್ಕದವರು ಲೋಟ ತೆಗೆದುಕೊಂಡು ಆಚೆ ಸರಿಯುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಎಯ್ತೋರ್ ಮನೆಗೇ ಬಂದಿದ್ದ. "ನಿಮ್ಮ ಹುದ್ದೆ ರದ್ದಾಗಿದೆ" ಅಂದ. ಕನ್ನಡಕ ಒರೆಸುತ್ತ, "ನೀವು ಹೇಳಿದ್ದು ತಪ್ಪು ಅನ್ನಲ್ಲ. ಆದ್ರೆ ಇನ್ಮೇಲೆ ನಿಮ್ಮೆದುರು ಪ್ರತಿ ಮಾತೂ ತೂಗಿ ಆಡ್ಬೇಕಾಗುತ್ತೆ. ಅದು ನನ್ನ ಕೈಲಾಗಲ್ಲ" ಅಂದ. ಬಾಗಿಲವರೆಗೆ ಹೋಗಿ ಕಳಿಸಿಕೊಟ್ಟೆ.

ತಿಂಗಳ ಕೊನೆಯೊಳಗೆ ಮನೆ ಬಿಡಬೇಕು. ಅಕ್ಕನ ಸೋಫಾ ಇದ್ದೇ ಇದೆ.

ನವೆಂಬರ್ ೩

ಸಾಮಾನು ಸದ್ಯಕ್ಕೆ ಝುಲ್ಮೀರಾಳ ಹಿಂದಿನ ಕೋಣೆಯಲ್ಲಿಟ್ಟಿದ್ದೇನೆ. ಬಸ್ಸಿಗೆ ಟಿಕೆಟು ನೋಡಬೇಕು. ಬೆಳಿಗ್ಗೆ ಹಾಲು ಕರೆಯಲು ಕಲಿಯುತ್ತಿದ್ದೇನೆ, ಬರುವುದಿಲ್ಲ. ಭರಾಂಡಿ ನೆಕ್ಕುತ್ತದೆ, ಒದೆಯುವುದಿಲ್ಲ.

ನವೆಂಬರ್ ೧೪

ಮಳೆ ಹಿಡಿದಿದೆ. ಸೋಗೆ ಎಳೆದ ಕಡೆ ನೊಣ ಕಡಿಮೆ. ಪೂರ್ತಿ ಹೋಗಿಲ್ಲ. ಹಸುಗಳು ದಡಕ್ಕೆ ಬಂದಿವೆ.

ಝುಲ್ಮೀರಾಳಿಗೆ ಜೈಲಾಗಲಿಲ್ಲ. ಸುಟ್ಟ ದಂಡೆಯಲ್ಲಿ ಮತ್ತೆ ಗಿಡ ನೆಟ್ಟು, ಅವು ನಿಲ್ಲುವವರೆಗೆ ನೋಡಿಕೊಳ್ಳಬೇಕೆಂದು ಆದೇಶ. ದಂಡಕ್ಕಾಗಿ ನಾಲ್ಕು ಹಸು ಮಾರಬೇಕಾಯಿತು. ಲಾರಿ ಹತ್ತಿಸುವಾಗ ಅವಳು ಕೊಟ್ಟಿಗೆಯೊಳಗೆ ಹೋಗಿ ನಿಂತಳು. ಕೊನೆಯದನ್ನು ನಾನೇ ಹತ್ತಿಸಿದೆ.

ಟಿಕೆಟು ಮುಂದಿನ ವಾರ ನೋಡಬೇಕು.

ನವೆಂಬರ್ ೩೦

ಬೆಳಿಗ್ಗೆ ಮಳೆ ಬಿಟ್ಟ ಮೇಲೆ ದಂಡೆಗೆ ಗಿಡ ಹೊತ್ತುಕೊಂಡು ಹೋದೆವು. ನಾವಿಬ್ಬರೂ ಬಗ್ಗಿ ಗುಂಡಿ ತೋಡುತ್ತಿದ್ದಾಗ ಮೇಲಿನ ರಸ್ತೆಯಲ್ಲಿ ಯಾರೋ ನಿಂತಂತಾಯಿತು. ಜೋಸುಯೆಲ್. ಅಂಗಿ ಮೈಮೇಲೆ ನೇತಾಡುತ್ತಿದೆ. ಇಳಿಜಾರು ಇಳಿಯುವಾಗ ಎರಡು ಕಡೆ ನಿಂತು ಸುಧಾರಿಸಿಕೊಂಡ.

ಝುಲ್ಮೀರಾ ಗುದ್ದಲಿ ಬಿಟ್ಟು ನೆಟ್ಟಗೆ ನಿಂತಳು. "ಬೈಯೋದಿದ್ರೆ ಬೈದ್ಬಿಡಪ್ಪ."

"ಬೈಯೋಕೆ ಉಸಿರು ಸಾಲ್ದು ಅಮ್ಮಾ" ಅಂದ. "ಗುಂಡಿ ಎಲ್ಲಿ ತೋಡ್ಬೇಕು ಹೇಳಿ. ಆ ಕಾಡಿಗೆ ಮೊದಲು ನೀರು ಹಾಕಿದವನು ನಾನು."

"ನೀನು ಕೂತ್ಕೋ. ತೋಡೋ ಶಿಕ್ಷೆ ಕೊಟ್ಟಿರೋದು ನಂಗೆ."

ಅವನು ಕಲ್ಲಿನ ಮೇಲೆ ಕೂತ. ನಾವು ತೋಡಿದೆವು, ಅವನು ನೋಡಿದ. ಝುಲ್ಮೀರಾ ಒಂದು ಇಂಗಾ ಸಸಿಯನ್ನು ನೀರಿಗೆ ತೀರಾ ಹತ್ತಿರ ಇಟ್ಟಳು. ಅಲ್ಲಿ ಬೇಡ, ಕೊಚ್ಚಿಹೋಗುತ್ತದೆ ಎಂದ. ಅಷ್ಟೇ ಹೇಳಲು ಬಾಯಿ ತೆರೆದವನು ನಿಲ್ಲಿಸಲಿಲ್ಲ. ತಲೆ ಇದೆಯಾ ನಿಮಗೆ ಅಂದ. ಗಾಳಿ ನೋಡದೆ ಯಾರಾದರೂ ಬೆಂಕಿ ಹಚ್ಚುತ್ತಾರಾ ಅಂದ. ನನ್ನ ಮಗಳು ಎದೆ ಮೇಲೆ ಕಿವಿಯಿಟ್ಟು, ಅಪ್ಪಾ ಒಳಗೆ ಸೀಟಿ ಊದ್ತಿದೆ ಅಂತಾಳೆ, ಏನು ಹೇಳಲಿ ಅವಳಿಗೆ ಅಂದ. ಕೆಮ್ಮಿದ, ಮತ್ತೆ ಬೈದ. ಟ್ಯಾಂಕರನ್ನು ಬೈದ, ಕಂಪನಿಯನ್ನು ಬೈದ, ನನ್ನನ್ನೂ ಬಿಡಲಿಲ್ಲ. ಕೊನೆಗೆ ಮುಂಗೈಯಿಂದ ಮುಖ ಒರೆಸಿಕೊಂಡು ಸುಮ್ಮನಾದ.

ಝುಲ್ಮೀರಾ ಅಷ್ಟು ಹೊತ್ತೂ ಸಸಿಯನ್ನು ಮಣ್ಣಿನ ಸಮೇತ ಮತ್ತೆ ಎತ್ತಿ ಎದೆಗವುಚಿಕೊಂಡು, ತಲೆ ತಗ್ಗಿಸಿ ನಿಂತಿದ್ದಳು.

"ಮುಗೀತಾ?" ಅಂದಳು.

"ಇವತ್ತಿಗೆ."

"ಹಾಗಾದ್ರೆ ಎಲ್ಲಿ ನೆಡಬೇಕು ತೋರಿಸು."

ಅವನು ಎದ್ದು ಬಂದು ಕಾಲಿನಿಂದ ಜಾಗ ಗುರುತು ಮಾಡಿದ.